ಸುಂದರನು ಕಣ್ಣಾರೆ ಕಂಡದ್ದು

ಸುಂದರನ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಹೋದದ್ದನ್ನು ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾ ಆ ಗುರುವಾರದವರೆಗೆ ನೋಡಿರಲಿಲ್ಲ. ಆ ಬಾಯಿ ತೆರೆಯುವುದನ್ನು ಎಲ್ಲರೂ ನೋಡಿದ್ದರು, ಅದು ದಿನವಿಡೀ ನಡೆಯುವ ವ್ಯವಹಾರ. ಆದರೆ ತೆರೆದ ಮೇಲೆ ಅದರೊಳಗಿಂದ ಒಂದಕ್ಷರವೂ ಹೊರಬಾರದೆ, ಕೈಯಲ್ಲಿದ್ದ ಕಾಗದದ ಲೋಟ ಓರೆಯಾಗಿ, ಬಿಸಿ ಚಹಾ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಇಳಿಯುತ್ತಿದ್ದರೂ ಆಸಾಮಿ ಕದಲದೆ ನಿಂತದ್ದು ಅದೇ ಮೊದಲು. ಇದಕ್ಕೆ ಕಾರಣನಾದವನು ಎದುರಂಗಡಿಯ ವೈರಿಯೂ ಅಲ್ಲ, ಸಿಟ್ಟಾದ ಗಿರಾಕಿಯೂ ಅಲ್ಲ. ವರ್ಷಗಳಿಂದ ಸುಂದರನ ಊಟದ ಡಬ್ಬಿಯಿಂದ ಹೇಳದೆ ಕೇಳದೆ ನೀರುದೋಸೆ ಎತ್ತಿಕೊಂಡು ತಿನ್ನುತ್ತ ಬಂದಿದ್ದ ಅವನ ಗೆಳೆಯ ತಾಜುದೀನ್.

ಏಟು ಎಷ್ಟು ಆಳಕ್ಕೆ ಬಿತ್ತು ಎಂಬುದು ತಿಳಿಯಬೇಕಾದರೆ ಸುಂದರ ಎಂಥವನು ಎಂಬುದು ಮೊದಲು ತಿಳಿಯಬೇಕು.

ಕರಾವಳಿಯ ಹೆಜಮಾಡಿಯವನು. ಮೀಸೆ ಮೂಡುವ ಹೊತ್ತಿಗೆ ಕುವೈತಿಗೆ ಬಂದು, ಒಂದು ಹೋಟೆಲಿನ ಹಿಂಭಾಗದಲ್ಲಿ ಈರುಳ್ಳಿ ಹೆಚ್ಚಿ, ಆಮೇಲೆ ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಕೊನೆಗೆ ಶುವೈಖ್‌ನಲ್ಲಿ ಕಾರಿನ ಬಿಡಿಭಾಗಗಳನ್ನು ಮಾರುವ ಅಂಗಡಿಯೊಂದರ ಕೌಂಟರಿಗೆ ಬಂದು ನೆಲೆಸಿದ. ಆ ಮೀಸೆ ಈಗ ಬಣ್ಣದ ಸಹಾಯದಿಂದ ಕಪ್ಪಗಿದೆ. ಕೌಂಟರಿನ ಕೆಲಸವೆಂದರೆ ಭರವಸೆ ಕೊಡುವ ಕೆಲಸ. ಸಾಮಾನು ಪೆಟ್ಟಿಗೆಯ ಒಳಗೆ, ಗಿರಾಕಿ ಪೆಟ್ಟಿಗೆಯ ಹೊರಗೆ, ನಡುವೆ ಇರುವುದು ಸುಂದರನ ಮಾತು ಮಾತ್ರ. "ಈ ಬ್ರೇಕ್ ಪ್ಯಾಡ್ ಹಾಕಿದ ಗಾಡಿ ವಫ್ರಾದ ಮರಳಲ್ಲಿ ಓಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ" ಎಂದು ಅವನು ಹೇಳಿದರೆ, ನೋಡಿದ್ದು ಗಾಡಿಯ ಒಳಗೆ ಕೂತೋ ಇಲ್ಲ ಹಿಂದೆ ಓಡಿಕೊಂಡು ಹೋಗಿಯೋ ಎಂದು ಕೇಳುವಷ್ಟು ಪುರುಸೊತ್ತು ಯಾವ ಗಿರಾಕಿಗೂ ಇರುತ್ತಿರಲಿಲ್ಲ.

ಯಾರಿಗೂ ಕೇಡು ಬಗೆದವನಲ್ಲ. ಮಾತಿಗೆ ಒಂದಿಷ್ಟು ಒಗ್ಗರಣೆ ಬೀಳದಿದ್ದರೆ ಅವನ ಗಂಟಲಿನಿಂದ ಅದು ಏಳುತ್ತಿರಲಿಲ್ಲ, ಅಷ್ಟೆ. ನಾವೆಲ್ಲ "ಅಂತೆ" ಎಂದು ಮುಗಿಸುವ ಸುದ್ದಿ ಸುಂದರನ ಬಾಯಿಗೆ ಬಂದರೆ "ನೋಡಿದೆ" ಎಂದು ಮುಗಿಯುತ್ತಿತ್ತು. ಹಾಗೆ ನೋಡಿದರೆ ನಾವೂ ಅಷ್ಟೇನೂ ಶುದ್ಧರಲ್ಲ. ಆದರೆ ನಾವು ಆಗೊಮ್ಮೆ ಈಗೊಮ್ಮೆ ಮಾಡುವುದನ್ನು ಸುಂದರ ಹೊಟ್ಟೆಪಾಡಾಗಿ ಮಾಡಿಕೊಂಡಿದ್ದ.

ಇದಕ್ಕಿಂತ ದೊಡ್ಡ ಕೌಂಟರು ಅವನ ಮೊಬೈಲಿನಲ್ಲಿತ್ತು. ಮುಲ್ಕಿಯಿಂದ ಕುಂದಾಪುರದವರೆಗೆ ಯಾವ ಮನೆಯ ಹೆಣ್ಣಿಗಾದರೂ ಕುವೈತಿನ ಹುಡುಗನ ಜಾತಕ ಬಂತೆಂದರೆ, ಹುಡುಗ ಎಂಥವನೆಂದು ವಿಚಾರಿಸಲು ಇಲ್ಲೊಬ್ಬ ಮನುಷ್ಯ ಬೇಕು. ಜಾತಕ ಕೂಡಿಸುವವರು ಅಲ್ಲಿದ್ದಾರೆ, ಹುಡುಗನನ್ನು ನೋಡುವವರು ಇಲ್ಲಿರಬೇಕು. ಹೀಗೆ ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ ಸುಂದರನ ನಂಬರು ಇಡೀ ಕರಾವಳಿಗೆ ಗೊತ್ತಾಗಿತ್ತು.

"ಸುಂದರಣ್ಣ, ಹುಡುಗ ಹೇಗೆ?"

"ಬಂಗಾರ ಮಾರಾಯ್ರೆ. ಶುಕ್ರವಾರ ಬೆಳಿಗ್ಗೆ ಭಜನೆಗೆ ಬರ್ತಾನೆ, ನಾನೇ ಕಣ್ಣಾರೆ ನೋಡಿದ್ದೇನೆ. ತಾಳ ಹಾಕುವುದು ಅವನೇ. ತಾಯಿಗೆ ದಿನಾ ಫೋನ್ ಮಾಡ್ತಾನೆ. ಕುಡಿಯುವುದು ಗಿಡಿಯುವುದು ಒಂದೂ ಇಲ್ಲ."

ಕುಡಿತಕ್ಕೇ ನಿಷೇಧ ಇರುವ ದೇಶದಲ್ಲಿ ಕುಡಿಯುವುದಿಲ್ಲ ಎಂದು ಹೊಗಳುವುದು ಸರ್ಕಾರಕ್ಕೆ ಸೇರಬೇಕಾದ ಹೆಸರನ್ನು ಹುಡುಗನಿಗೆ ಕೊಟ್ಟಂತೆ. ಇರಲಿ. ಸುಂದರ ಬಾಯಲ್ಲೇ ಭಜನೆಗೆ ಕಳಿಸಿದ ಹುಡುಗರೆಲ್ಲ ನಿಜಕ್ಕೂ ಬಂದಿದ್ದರೆ ಭಜನೆಯ ಹಾಲ್‌ನಲ್ಲಿ ಹಾಡುವವನು ಒಬ್ಬನೂ ಇಲ್ಲದೆ ಬರೀ ತಾಳವೇ ಕೇಳಿಸಬೇಕಿತ್ತು.

ಅವನ ಹೆಂಡತಿ ಅಪ್ಪಿ ಇದನ್ನು ಅಡುಗೆಮನೆಯಿಂದ ಕೇಳುತ್ತಿದ್ದಳು. ಒಮ್ಮೆ ತಡೆಯಲಾರದೆ ಹೊರಗೆ ಬಂದಳು.

"ಆ ಹುಡುಗನ ಮುಖ ನೋಡಿದ್ದೀರಾ ನೀವು?"

"ಮುಖ ನೋಡಿದ್ರೆ ಎಂತ ಗೊತ್ತಾಗ್ತದೆ? ಒಂದು ಒಳ್ಳೆ ಮಾತು ಹೇಳಿದ್ರೆ ನನ್ನ ಗಂಟು ಎಂತ ಹೋಗ್ತದೆ?"

"ನಿಮ್ಮ ಗಂಟು ಹೋಗುದಿಲ್ಲ. ಆ ಹುಡುಗಿದು ಹೋದ್ರೆ?"

"ಹಾಗಾದ್ರೆ ಗೊತ್ತಿಲ್ಲದ ಹುಡುಗನ ಬಗ್ಗೆ ಕೆಟ್ಟದು ಹೇಳ್ಬೇಕಾ? ಪಾಪ ಬರುದಿಲ್ವಾ?"

ಒಳ್ಳೆಯದು ಮತ್ತು ಕೆಟ್ಟದ್ದರ ನಡುವೆ "ನನಗೆ ಗೊತ್ತಿಲ್ಲ" ಎಂಬ ಮೂರನೆಯ ದಾರಿಯೊಂದಿದೆ ಎಂಬುದು ಸುಂದರನಿಗೆ ಹೊಳೆದೇ ಇರಲಿಲ್ಲ.

ಆ ದಾರಿಯಲ್ಲಿಯೇ ಮನೆ ಕಟ್ಟಿಕೊಂಡಿದ್ದವನು ತಾಜುದೀನ್. ನೈಜೀರಿಯಾದ ಇಬಾದಾನ್ ಪಟ್ಟಣದವನು, ಯೊರುಬಾ ಜನ. ಅದೇ ಅಂಗಡಿಯ ಹಿಂದಿನ ಗೋಡೌನು ಅವನ ಸುಪರ್ದಿಯಲ್ಲಿತ್ತು. ಆಳು ಬಾಗಿಲು ತುಂಬುವಷ್ಟು ಇದ್ದ, ಮಾತು ಮಾತ್ರ ಚಿಟಿಕೆಯಷ್ಟು. ಗಿರಾಕಿಯನ್ನು ನಿಲ್ಲಿಸಿಕೊಂಡು ಸುಂದರ "ಆ ಫಿಲ್ಟರ್ ಉಂಟಾ ಭಾಯಿ?" ಎಂದು ಕೂಗಿದರೆ, "ಬೆಳಿಗ್ಗೆ ಇತ್ತು. ಈಗ ಇದೆಯಾ ಅಂತ ನೋಡಿ ಹೇಳ್ತೇನೆ" ಎಂದು ಒಳಗೆ ಹೋಗುತ್ತಿದ್ದ. ಅವನು ನೋಡಿ ಬರುವಷ್ಟರಲ್ಲಿ ಗಿರಾಕಿ ಪಕ್ಕದಂಗಡಿಯಿಂದ ಅದೇ ಫಿಲ್ಟರನ್ನು ಕೊಂಡು ಮನೆ ಸೇರಿರುತ್ತಿದ್ದ. ಜುಲೈ ತಿಂಗಳ ನಡುಮಧ್ಯಾಹ್ನ ಯಾರೋ "ಹೊರಗೆ ಸೆಕೆ ಇದೆಯಾ" ಎಂದು ಕೇಳಿದ್ದಕ್ಕೆ "ನಾನು ಒಳಗೆ ಬಂದಾಗ ಇತ್ತು" ಎಂದಿದ್ದನಂತೆ. ಇದನ್ನು ಸುಂದರ ಎಲ್ಲರಿಗೂ ಹೇಳಿ ನಗಿಸುತ್ತಿದ್ದ. ತಾನೇ ಕಣ್ಣಾರೆ ನೋಡಿದೆ ಎಂದೂ ಸೇರಿಸುತ್ತಿದ್ದ. ಆ ದಿನ ಸುಂದರ ರಜೆಯಲ್ಲಿದ್ದ.

ಸುಂದರ ಯಾವ ಸುದ್ದಿ ತಂದರೂ ತಾಜುದೀನನದು ಒಂದೇ ಪ್ರಶ್ನೆ, ತಮ್ಮಿಬ್ಬರ ನಡುವಿನ ಅರೆ ಇಂಗ್ಲಿಷ್, ಅರೆ ಹಿಂದಿಯಲ್ಲಿ: "ನೋಡಿದ್ದೋ, ಕೇಳಿದ್ದೋ?"

"ಎಂತ ವ್ಯತ್ಯಾಸ ಮಾರಾಯ?" ಎಂದು ಸುಂದರ ಒಮ್ಮೆ ರೇಗಿದ.

"ನಮ್ಮಲ್ಲಿ ಕಣ್ಣಿಂದ ನೋಡಿ ತಿಳಿದದ್ದಕ್ಕೆ ಒಂದು ಮಾತು. ಇನ್ನೊಬ್ಬನ ಬಾಯಿಂದ ಕೇಳಿ ಒಪ್ಪಿದ್ದಕ್ಕೆ ಬೇರೆ ಮಾತು. ಕೇಳಿದ್ದನ್ನು ತಂದು ನೋಡಿದ್ದರ ಜಾಗದಲ್ಲಿ ಇಟ್ಟವನನ್ನು ನಮ್ಮ ಅಮ್ಮ ತನ್ನ ಬಟ್ಟೆ ಅಂಗಡಿಯೊಳಗೆ ಕಾಲಿಡ್ಲಿಕ್ಕೆ ಬಿಡ್ತಿರಲಿಲ್ಲ."

"ಹಾಗಾದ್ರೆ ನೀವು ಯಾರ ಮಾತನ್ನೂ ನಂಬುದಿಲ್ವಾ? ಎಲ್ಲದನ್ನೂ ಹೋಗಿ ನೋಡಿ ಬರ್ಲಿಕ್ಕೆ ಆಗ್ತದಾ?"

"ಆಗೋದಿಲ್ಲ. ನಂಬ್ತೇವೆ. ಆದರೆ ಮೊದಲು ಹೇಳುವವನ ಇವಾ ನೋಡ್ತೇವೆ. ಇವಾ ಅಂದ್ರೆ ಅವನ ನಡತೆ, ಅವನ ಗುಣ. ಸಣ್ಣ ಸಣ್ಣ ವಿಷಯದಲ್ಲಿ ನೋಡಿದ್ದನ್ನು ನೋಡಿದ್ದು, ಕೇಳಿದ್ದನ್ನು ಕೇಳಿದ್ದು ಅಂತ ಹೇಳುವವನಾ? ಹಾಗಿದ್ರೆ ದೊಡ್ಡ ವಿಷಯಕ್ಕೂ ಅವನ ಮಾತು ಸಾಕು."

"ನಮ್ಮಲ್ಲೂ ಉಂಟು. ಕೇಳಿದ್ದಕ್ಕೆ 'ಅಂತೆ' ಅಂತ ಸೇರಿಸ್ತೇವೆ."

"ನೀನು ಸೇರಿಸಿದ್ದು ನಾನು ಕೇಳಿಲ್ಲ."

"ನಿನ್ನ ಹತ್ರ ನಾನು ಕನ್ನಡ ಮಾತಾಡ್ತೇನಾ, ನಿನಗೆ ಕೇಳ್ಲಿಕ್ಕೆ?" ಎಂದು ಸುಂದರ ಗೆದ್ದವನಂತೆ ನಕ್ಕ. ತಾಜುದೀನ್ ಇನ್ನೊಂದು ನೀರುದೋಸೆ ಎತ್ತಿಕೊಂಡ.

ಹೀಗಿರುವಾಗ ಸುಂದರನಿಗೆ ಮೊದಲ ಏಟು ಮನೆಯಲ್ಲೇ ಬಿತ್ತು. ಮಗಳು ಶರಣ್ಯಾ ಕುವೈತಿನಲ್ಲೇ ಹುಟ್ಟಿ ಬೆಳೆದವಳು, ಮಿರ್ಕಾಬ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ಅಪ್ಪ ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ. ಒಂದು ಸಂಜೆ ಟಿವಿ ಆರಿಸಿ ಎದುರು ಕೂತಳು.

"ಪಪ್ಪಾ, ಐ ವಾಂಟ್ ಟು ಮ್ಯಾರಿ ಸಮ್‌ಒನ್. ಪ್ರೀತಮ್. ಹೀ ವರ್ಕ್ಸ್ ಇನ್ ಎ ಬ್ಯಾಂಕ್."

ಸುಂದರ ಕುರ್ಚಿಯ ಕೈ ಹಿಡಿದುಕೊಂಡ. ಇಡೀ ಕರಾವಳಿಯ ಅಳಿಯಂದಿರನ್ನು ಪಾಸು ಮಾಡಿದವನಿಗೆ ಸ್ವಂತ ಅಳಿಯನ ಸುಳಿವೂ ಸಿಕ್ಕಿರಲಿಲ್ಲ.

"ಯಾವ ಊರು?"

"ಸಾಲ್ಮಿಯಾ."

"ಅದು ಊರಾ? ಅದು ಬಸ್ ಸ್ಟಾಪ್. ಅಪ್ಪ ಅಮ್ಮ ಎಲ್ಲಿಯವರು?"

"ಮಂಡ್ಯ. ಹಿಸ್ ಫಾದರ್ ಈಸ್ ಎನ್ ಎಂಜಿನಿಯರ್. ಪಪ್ಪಾ, ಪ್ಲೀಸ್. ಅವರ ಡ್ಯಾಡಿ ನೋ ಅಂದ್ರೆ ಪ್ರೀತಮ್ ವೋಂಟ್ ಗೋ ಅಗೇನ್‌ಸ್ಟ್ ಹಿಮ್. ಅದು ಹೇಳಿದಾನೆ ನಂಗೆ." ಅವಳ ಬಾಯಲ್ಲಿ ಕನ್ನಡ ಬರುವುದು ನಿಜವಾಗಿ ಹೆದರಿದಾಗ ಮಾತ್ರ. ಅದನ್ನು ಕೇಳಿ ಸುಂದರನಿಗೆ ಜಾತಿ, ಊರು, ಭಾಷೆ ಎಲ್ಲ ಹಿಂದಕ್ಕೆ ಸರಿದು ಒಂದೇ ವಿಷಯ ಉಳಿಯಿತು. ಆ ಎಂಜಿನಿಯರ್ ಮಹಾಶಯ ಹೂಂ ಎನ್ನಬೇಕು.

ಎಂಜಿನಿಯರರ ಹೆಸರು ಸಿದ್ದಯ್ಯ. ಕಟ್ಟಡಗಳ ಅಡಿಪಾಯ ನೋಡುವುದೇ ಅವರ ವೃತ್ತಿ. ಎರಡು ದಿನದಲ್ಲಿ ಅವರೇ ಫೋನು ಮಾಡಿದರು, ದನಿ ಬಹಳ ಮರ್ಯಾದೆಯದು.

"ನಮಸ್ಕಾರ ಸುಂದರ ಅವ್ರೇ. ಮಕ್ಕಳು ಏನೋ ಅಂದ್ಕೊಂಡಿದಾರೆ, ನಿಮಗೂ ಗೊತ್ತಾಗಿರುತ್ತೆ. ನಾನು ಒಂದ್ಸಲ ನಿಮ್ಮ ಅಂಗಡಿ ಕಡೆ ಬರಬೇಕು ಅಂತಿದೀನಿ. ನಿಮ್ಮ ಬಗ್ಗೆ ಯಾರನ್ನಾದ್ರೂ ಒಬ್ಬರನ್ನ ಕೇಳೋಣ ಅಂತ. ತಪ್ಪು ತಿಳ್ಕೋಬೇಡಿ. ಮಣ್ಣು ಪರೀಕ್ಷೆ ಮಾಡ್ದೆ ನಾನು ಏನೂ ಕಟ್ಟೋನಲ್ಲ."

"ಬನ್ನಿ ಸರ್, ಧಾರಾಳ ಕೇಳಿ. ನನ್ನ ಜೊತೆ ತಾಜುದೀನ್ ಅಂತ ಒಬ್ಬ ಇದ್ದಾನೆ. ಸುಳ್ಳು ಹೇಳುವವನೇ ಅಲ್ಲ. ಅವನ ಹತ್ರವೇ ಕೇಳಿ."

ಫೋನಿಟ್ಟ ಮೇಲೆ ಅಪ್ಪಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಬಿಸಿಲು ಉಂಟಾ ಅಂತ ಕೇಳಿದ್ರೆ ಹೊರಗೆ ಹೋಗಿ ನೋಡಿ ಬರುವ ಮನುಷ್ಯ. ಅವನ ಬಾಯಿಗೆ ಮಗಳ ಮದುವೆ ಕೊಟ್ರಾ?"

"ಅದಕ್ಕೇ ಕೊಟ್ಟದ್ದು ಮಾರಾಯ್ತಿ. ಅವನು ಒಳ್ಳೆಯವ ಅಂದ್ರೆ ಅದಕ್ಕೆ ಮೇಲೆ ಮಾತಿಲ್ಲ. ಮತ್ತೆ ನಿನ್ನ ನೀರುದೋಸೆ ತಿಂದ ಬಾಯಿ ಅದು. ತಿರುಗಿ ಬೀಳ್ತದಾ?"

ಗುರುವಾರ ಬೆಳಿಗ್ಗೆ ಸುಂದರ ಗೋಡೌನಿಗೆ ಹೋಗಿ ತಾಜುದೀನನ ಹೆಗಲ ಮೇಲೆ ಕೈಯಿಟ್ಟ. ಅಷ್ಟೆತ್ತರಕ್ಕೆ ಕೈ ಹೋಗಲು ತುಸು ನಿಗುರಬೇಕಾಯಿತು.

"ಇವತ್ತು ಮಗಳ ಮದುವೆ ವಿಷಯಕ್ಕೆ ಹುಡುಗನ ಕಡೆಯಿಂದ ಒಬ್ಬರು ಬರ್ತಾರೆ. ನನ್ನ ಬಗ್ಗೆ ಕೇಳ್ತಾರೆ. ದೊಡ್ಡ ಭಾಷಣ ಬೇಡ."

"ನೋಡಿದ್ದನ್ನು ಹೇಳ್ತೇನೆ."

"ಅದೇ, ಅದೇ. ಅಷ್ಟೇ ಸಾಕು" ಎಂದು ಸುಂದರ ನಿಶ್ಚಿಂತೆಯಿಂದ ಹೊರಬಂದ. ನಾಯಿ ಕಚ್ಚುವುದಕ್ಕೆ ಮುಂಚೆ ಅದರ ತಲೆ ಸವರಿ ಬಂದ ಹಾಗಿತ್ತು ಅದು.

ಸಿದ್ದಯ್ಯನವರು ಒಬ್ಬರೇ ಬರಲಿಲ್ಲ. ಜೊತೆಗೆ ಅವರ ಹೆಂಡತಿ ಕಾಂತಮ್ಮನೂ ಬಂದರು. ಸೀರೆಯ ಸೆರಗನ್ನು ಹೆಗಲಿಗೆ ಸುತ್ತಿಕೊಂಡು, ಸುತ್ತ ಇದ್ದ ಬಂಪರು, ಸೈಲೆನ್ಸರುಗಳನ್ನೆಲ್ಲ ಒಮ್ಮೆ ನೋಡಿ, ಸುಂದರ ಒರೆಸಿ ಕೊಟ್ಟ ಕುರ್ಚಿಯಲ್ಲಿ ಕೂತರು. ಚಹಾ ಬಂತು. ತಾಜುದೀನ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಬಂದು ಎದುರು ನಿಂತ. ಮ್ಯಾನೇಜರ್ ತನ್ನ ಗಾಜಿನ ಕೋಣೆಯೊಳಗೆ ಕ್ಯಾಲ್ಕುಲೇಟರ್ ಒತ್ತುವುದನ್ನು ನಿಲ್ಲಿಸಿ ಕಿವಿ ಕೊಟ್ಟ.

"ನೀವು ಇವರನ್ನ ಬಲ್ಲಿರಾ?" ಎಂದು ಸಿದ್ದಯ್ಯ ಇಂಗ್ಲಿಷಿನಲ್ಲಿ ಕೇಳಿದರು.

"ಬಲ್ಲೆ."

"ಒಂದೇ ಪ್ರಶ್ನೆ. ಇವರ ಮಾತನ್ನ ನಂಬಬಹುದಾ?"

ತಾಜುದೀನ್ ಆಲೋಚಿಸಿದ. ಅವನು ಆಲೋಚಿಸುವುದು ದೂರದಿಂದ ಲಾರಿ ತಿರುಗಿಸಿದಂತೆ ಕಾಣುತ್ತಿತ್ತು. ಸುಂದರ ಮುಗುಳ್ನಗುತ್ತ ಕಾದ.

"ಇಲ್ಲ" ಎಂದ ತಾಜುದೀನ್.

ಸುಂದರನ ಬಾಯಿ ತೆರೆಯಿತು. ಮುಂದಿನದು ಮೊದಲೇ ಹೇಳಿದ್ದೇ.

ತಾಜುದೀನ್ ಮುಗಿಸಿರಲಿಲ್ಲ. "ಇವನು ನೋಡಿದೆ ಅಂತ ಹೇಳುವ ಎಷ್ಟೋ ಸಂಗತಿ ಇವನು ನೋಡಿದ್ದಲ್ಲ. ಯಾರೋ ಹೇಳಿದ್ದು, ಇಲ್ಲಾಂದ್ರೆ ಯಾರೂ ಹೇಳದೇ ಇದ್ದದ್ದು. ಅದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಇವನ ಮಾತಿನ ಮೇಲೆ ನಾನು ಒಂದು ನಟ್ಟನ್ನೂ ಬಿಗಿಯೋದಿಲ್ಲ."

ಸುಂದರನಿಗೆ ತೊಡೆ ಸುಡುತ್ತಿರುವುದು ಯಾವುದೋ ದೂರದ ಊರಿನ ಸುದ್ದಿಯ ಹಾಗೆ ತಲುಪಿತು. ಕಣ್ಣ ಮುಂದೆ ಬಂದದ್ದು ಶರಣ್ಯಾಳ ಮುಖ. ಹೆದರಿ ಕನ್ನಡ ಮಾತಾಡಿದಾಗಿನ ಮುಖ.

"ತಾಜು" ಎಂದ ಕೊನೆಗೆ.

ಸಿದ್ದಯ್ಯ ಸುಂದರನ ಕಡೆ ನೋಡಲಿಲ್ಲ. "ಇನ್ನೇನು ನೋಡಿದೀರಿ?" ಎಂದು ಕೇಳಿದರು.

"ನನಗೆ ಅಪೆಂಡಿಕ್ಸ್ ಆಗಿ ಆಸ್ಪತ್ರೆಗೆ ಸೇರಿಸಿದ್ರು. ಇಲ್ಲಿ ನನ್ನವರು ಅಂತ ಯಾರೂ ಇಲ್ಲ. ಇವನು ಬಂದ. ಸಂಬಂಧಿಕರನ್ನು ಮಾತ್ರ ಬಿಡೋದು ಅಂತ ನರ್ಸ್ ಹೇಳಿದ್ದಕ್ಕೆ, 'ನಾನು ಇವನ ಚಿಕ್ಕಪ್ಪನ ಮಗ' ಅಂದ."

ಕಾಂತಮ್ಮ ಮೊದಲು ಸುಂದರನನ್ನು, ಆಮೇಲೆ ತಾಜುದೀನನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನರ್ಸ್ ಸಹ ಹೀಗೇ ನೋಡಿದ್ರು" ಎಂದ ತಾಜುದೀನ್. "ಅಲ್ಲಿ ಸಹ ಸುಳ್ಳೇ. ಆದರೆ ಬಿಟ್ರು. ಬಿಟ್ಟ ಮೇಲೆ ಇವನು ಹೋಗಲಿಲ್ಲ. ಕೆಲಸಕ್ಕೆ ರಜೆ ಹಾಕಿ ಕೂತ. ನಾನು ವಾಂತಿ ಮಾಡಿದ್ರೆ ಬೇಸಿನ್ ಹಿಡಿದ, ತೊಳೆದ. ನನ್ನ ಅಮ್ಮನಿಗೆ ಫೋನ್ ಹಚ್ಚಿ ಕೊಟ್ಟ. ಎದ್ದು ನಡೆಯುವಾಗ ಹೆಗಲು ಕೊಟ್ಟ, ಅವನಿಗಿಂತ ನಾನು ಎರಡರಷ್ಟು ಇದ್ದೇನೆ. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಎಲ್ಲದರ ಬಗ್ಗೆ ಮಾತಾಡ್ತಾನೆ, ಅದರ ಬಗ್ಗೆ ಇಲ್ಲ. ಇದು ಯಾರೋ ಹೇಳಿದ್ದಲ್ಲ. ಹೊಟ್ಟೆ ನನ್ನದೇ ಇತ್ತು."

ಇಷ್ಟು ಉದ್ದದ ಮಾತನ್ನು ತಾಜುದೀನ್ ಅಂಗಡಿಗೆ ಸೇರಿದಂದಿನಿಂದ ಆಡಿರಲಿಲ್ಲ. ಆಡಿ ಮುಗಿಸಿ ಗ್ರೀಸಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನಿಂತ.

"ಸರ್" ಎಂದ ಸುಂದರ. "ನಾನು ಯಾರಿಗೂ ಕೆಟ್ಟದಾಗ್ಲಿ ಅಂತ ಒಂದು ಮಾತೂ..."

"ನನ್ನ ಮಗ ದಿನಾ ತಾಯಿಗೆ ಫೋನ್ ಮಾಡ್ತಾನಂತೆ" ಎಂದರು ಕಾಂತಮ್ಮ ಇದ್ದಕ್ಕಿದ್ದಂತೆ.

ಸುಂದರನಿಗೆ ಅರ್ಥವಾಗಲಿಲ್ಲ. "ಒಳ್ಳೆಯದಲ್ವಾ ಅಮ್ಮ" ಎಂದ.

"ಪಕ್ಕದ ರೂಮಿಂದ."

"ಎಂತದು?"

"ನಾನೇ ಅವನ ತಾಯಿ ಕಣಪ್ಪ. ಅವನ ಪಕ್ಕದ ರೂಮಲ್ಲೇ ಮಲಗೋಳು. ನಂಗ್ಯಾಕೆ ಫೋನ್ ಮಾಡ್ತಾನೆ?"

ಆಗ ಸಿದ್ದಯ್ಯ ಲೋಟ ಕೆಳಗಿಟ್ಟು, ನಕ್ಷೆ ಬಿಡಿಸಿ ಹೇಳುವ ಹಾಗೆ ಬಿಡಿಸಿ ಹೇಳಿದರು. ಮಗ ಮನೆಯಲ್ಲಿ ಬಾಯಿಬಿಟ್ಟದ್ದು ಶರಣ್ಯಾ ಹೇಳುವುದಕ್ಕಿಂತ ಒಂದು ತಿಂಗಳು ಮೊದಲು. ಹುಡುಗಿಯ ತಂದೆ ಶುವೈಖ್‌ನ ಸುಂದರ ಎಂದು ತಿಳಿದಾಗ, ಊರಲ್ಲಿದ್ದ ಭಾವಮೈದುನನಿಂದ ಸಿದ್ದಯ್ಯ ಒಂದು ಫೋನು ಮಾಡಿಸಿದ್ದರು. ನಮ್ಮ ಹುಡುಗಿಗೆ ಪ್ರೀತಮ್ ಅಂತ ಒಂದು ಸಂಬಂಧ ಬಂದಿದೆ, ಮಿರ್ಕಾಬ್‌ನ ಬ್ಯಾಂಕಿನಲ್ಲಿದ್ದಾನಂತೆ, ಹುಡುಗ ಹೇಗೆ, ಎಂದು.

"ನೀವೇನಂದ್ರಿ ಗೊತ್ತಾ? ಬಂಗಾರ ಅಂದ್ರಿ. ಶುಕ್ರವಾರ ಬೆಳಿಗ್ಗೆ ಭಜನೆಗೆ ಬರ್ತಾನೆ ಅಂದ್ರಿ. ನನ್ನ ಮಗ ಶುಕ್ರವಾರ ಬೆಳಗನ್ನೇ ನೋಡಿಲ್ಲ ಸ್ವಾಮಿ, ಮಧ್ಯಾಹ್ನ ಎಬ್ಬಿಸಿದ್ರೂ ಬೈತಾನೆ. ತಾಳ ಹಾಕೋದು ಅವನೇ ಅಂದ್ರಿ."

"ಕಣ್ಣಾರೆ ನೋಡಿದೀನಿ ಅಂದ್ರಂತೆ" ಎಂದು ಕಾಂತಮ್ಮ ನೆನಪಿಸಿದರು.

ಸುಂದರ ನೆನಪಿಸಿಕೊಳ್ಳಲು ನೋಡಿದ. ಏನೂ ನೆನಪಾಗಲಿಲ್ಲ. ಅಷ್ಟು ಹುಡುಗರಲ್ಲಿ ಇವನು ಯಾವನು? ತನ್ನ ಮಗಳು ಮೆಚ್ಚಿದವನ ಹೆಸರನ್ನೇ ಕಿವಿಗೆ ಹಾಕಿಕೊಂಡು, ಅದೇ ಬಾಯಿಯಿಂದ ಬೇರೆ ಯಾವುದೋ ಹುಡುಗಿಗೆ ಅವನನ್ನು ಗಂಟುಹಾಕಲು ಹೊರಟಿದ್ದೆನೆಂಬುದು ತಲೆಗೆ ಹತ್ತುತ್ತಿದ್ದಂತೆ ಅವನು ಆಯಿಲ್ ಡಬ್ಬಗಳ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಆ ಹುಡುಗಿ ನಿಜವಾಗಿದ್ದಿದ್ದರೆ? ಭಾವಮೈದುನ ಆಟ ಕಟ್ಟಿರದಿದ್ದರೆ? ಹಾಗೆ ಎಷ್ಟು ಮನೆಗಳಲ್ಲಿ ಎಷ್ಟು ಹುಡುಗಿಯರು ತಾಳ ಹಾಕುವ ಗಂಡನನ್ನು ಕಾಯುತ್ತಿದ್ದಾರೆ? ಈ ಯೋಚನೆ ಅವನಿಗೆ ಜನ್ಮದಲ್ಲಿ ಮೊದಲ ಸಲ ಬಂತು. ಮೊದಲ ಸಲ ಬಂದದ್ದರಿಂದ ಒಟ್ಟಿಗೇ ಬಂತು.

"ನಾನು ಇವತ್ತು ಬಂದಿದ್ದು ಬೇಡ ಅಂತ ಹೇಳಿ ಹೋಗೋಕೆ" ಎಂದರು ಸಿದ್ದಯ್ಯ. "ಫೋನಲ್ಲಿ ಹೇಳೋದು ಮರ್ಯಾದೆ ಅಲ್ಲ ಅಂತ ಬಂದೆ. ನಿಮ್ಮ ಸ್ನೇಹಿತರನ್ನ ಕೇಳಿದ್ದು ಬರೀ ಶಾಸ್ತ್ರಕ್ಕೆ. ಅವರೂ ಬಂಗಾರ ಅಂದಿದ್ರೆ, ಇನ್ನೊಬ್ಬ ಸುಂದರ ಅಂತ ಎದ್ದು ಹೊರಟುಬಿಡ್ತಿದ್ದೆ."

ಅವರು ತಾಜುದೀನನ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಮತ್ತೆ ಕನ್ನಡಕ್ಕೆ ಬಂದರು.

"ಕೆಟ್ಟದ್ದು ಒಂದೂ ಬರೀದೆ ಇರೋ ಮಣ್ಣಿನ ರಿಪೋರ್ಟ್ ಬಂದ್ರೆ ನಾನು ಅದನ್ನ ಪಕ್ಕಕ್ಕೆ ಎಸೀತೀನಿ. ಈ ಮನುಷ್ಯ ನಿಮ್ಮ ಎದುರಿಗೇ ನಿಂತು ನಿಮ್ಮ ಕೊರತೆ ಹೇಳಿದ್ರು. ಅಂಥೋರು ಆಸ್ಪತ್ರೆ ವಿಷಯ ಹೇಳಿದಾಗ ನಾನು ನಂಬದೆ ಏನು ಮಾಡ್ಲಿ? ನಿಮ್ಮ ಬಾಯಿ ಸಡಿಲ. ಕೆಳಗೆ ಬಂಡೆ ಇದೆ. ಕಟ್ಟಬಹುದು."

ಸುಂದರ ಇದಕ್ಕೆ ಸಂತೋಷಪಡಬೇಕೋ, ಅವಮಾನಪಡಬೇಕೋ ತಿಳಿಯದೆ ಕೈಮುಗಿದ. ಎರಡಕ್ಕೂ ಅದು ಆಗುತ್ತದೆ.

ಕಾಂತಮ್ಮ ಏಳುತ್ತ ಹೇಳಿದರು: "ಮುಂದಿನ ವಾರ ಹೆಂಡತಿ ಮಗಳನ್ನ ಕರ್ಕೊಂಡು ಮನೆಗೆ ಬನ್ನಿ. ಒಂದೇ ಮಾತು ನಡೆಸಿಕೊಡಿ. ಬೀಗರಾದ್ಮೇಲೆ ಯಾರಾದ್ರೂ ನಮ್ಮ ಬಗ್ಗೆ ಕೇಳಿದ್ರೆ ದಯವಿಟ್ಟು ಹೊಗಳಬೇಡಿ."

ಅವರ ಕಾರು ತಿರುಗಿ ಮರೆಯಾಗುವವರೆಗೆ ಸುಂದರ ಬಾಗಿಲಲ್ಲಿ ನಿಂತಿದ್ದ. ಆಮೇಲೆ ನೇರ ಗೋಡೌನಿಗೆ ಹೋದ. ತಾಜುದೀನ್ ಏನೂ ಆಗದವನಂತೆ ಪೆಟ್ಟಿಗೆ ಜೋಡಿಸುತ್ತಿದ್ದ.

"ನನ್ನ ಮಗಳ ಮದುವೆ ಮುರೀತಿತ್ತು."

"ಮುರಿಯಬಹುದಿತ್ತು."

"ಗೊತ್ತಿದ್ದೂ ಹೇಳಿದಿಯಾ?"

"ನನ್ನ ಮಾತು ಗಟ್ಟಿ ಅಂತ ನೀನೇ ಅವರಿಗೆ ಹೇಳಿದ್ದು. ನಿನಗೋಸ್ಕರ ಒಂದು ಸಲ ಅದನ್ನು ಮೆತ್ತಗೆ ಮಾಡಿದ್ರೆ, ಆಮೇಲೆ ನಿನಗೆ ಕೊಡ್ಲಿಕ್ಕೆ ನನ್ನ ಹತ್ರ ಏನಿರ್ತಿತ್ತು?"

ಸುಂದರ ತಿರುಗಿ ಕೌಂಟರಿಗೆ ಹೋದ. ಮರುದಿನ ರಜೆ, ಅದರ ಮರುದಿನ ಡಬ್ಬಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಒಬ್ಬನೇ ತಿಂದ. ಭಾನುವಾರ ಡಬ್ಬಿ ತೆರೆದರೆ ಎಂದಿಗಿಂತ ಹೆಚ್ಚು ನೀರುದೋಸೆ ಇತ್ತು. ಅಪ್ಪಿಯ ಕೆಲಸ. ಆ ಕೈ ಬಂದು ಎತ್ತಿಕೊಂಡಿತು, ಈ ಕೈ ಚಟ್ನಿ ಮುಂದೆ ಸರಿಸಿತು.

ಅದೇ ವಾರ ಹೆಜಮಾಡಿಯಿಂದ ವಾಸಪ್ಪಣ್ಣನ ಫೋನು ಬಂತು. ಅವರ ತಂಗಿಯ ಮಗಳು ಯಾಮಿನಿಗೆ ಒಂದು ಸಂಬಂಧ. ಹುಡುಗ ನಿತೇಶ್, ಅರ್ದಿಯಾದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್.

"ಹುಡುಗ ಹೇಗೆ ಸುಂದರ?"

"ಬಂ..." ಎಂದು ಬಾಯಿ ತಾನಾಗಿಯೇ ಹೊರಟಿತು. ಸುಂದರ ಅದನ್ನು ಹಿಡಿದು ನಿಲ್ಲಿಸಿದ. ಚಲಿಸುವ ಬಸ್ಸಿನಿಂದ ಇಳಿದ ಹಾಗಾಯಿತು. "ನಾನು ನೋಡಿಲ್ಲ ವಾಸಪ್ಪಣ್ಣ."

ಆಚೆ ಕಡೆ ಫೋನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾದ ಸದ್ದು.

"ಅಷ್ಟು ಹಾಳು ಹುಡುಗನಾ?" ಎಂದರು ವಾಸಪ್ಪಣ್ಣ.

"ಅಲ್ಲ, ಅಲ್ಲ. ನಾನು ನೋಡಿಲ್ಲ ಅಂತ ಮಾತ್ರ..."

"ನೀನು ನೋಡಿಲ್ಲ ಅಂತ ಹೇಳುದಾ? ನೀನು? ನನ್ನ ಹತ್ರ ಮುಚ್ಚಿಡ್ಬೇಡ ಮಾರಾಯ. ಕೇಸು ಗೀಸು ಉಂಟಾ? ಅಲ್ಲೊಂದು ಸಂಸಾರ ಉಂಟಾ?"

"ದೇವರಾಣೆ, ನನಗೆ ಗೊತ್ತಿಲ್ಲ."

"ಆಣೆ ಹಾಕುವಷ್ಟಾ?" ಎಂದರು ವಾಸಪ್ಪಣ್ಣ. ಹಿಂದಿನಿಂದ ಒಂದು ಹೆಣ್ಣು ದನಿ "ಎಂತ ಹೇಳಿದ್ರು, ಎಂತ ಹೇಳಿದ್ರು" ಎಂದು ಅಳುವುದಕ್ಕೆ ಅಣಿಯಾಗುತ್ತಿತ್ತು. ಇಷ್ಟು ವರ್ಷ ಸುಳ್ಳು ಹೇಳಿ ಯಾರನ್ನೂ ಅಳಿಸದ ಸುಂದರ, ಮೊದಲ ನಿಜಕ್ಕೆ ಒಂದು ಮನೆಯನ್ನೇ ಎಬ್ಬಿಸಿ ಕೂರಿಸಿದ್ದ.

"ಶುಕ್ರವಾರದವರೆಗೆ ತಡೀರಿ ವಾಸಪ್ಪಣ್ಣ. ಯಾರಿಗೂ ಎಂತದೂ ಹೇಳ್ಬೇಡಿ. ನಾನು ಹೋಗಿ ನೋಡಿ ಹೇಳ್ತೇನೆ" ಎಂದ. ಹೇಳಿದ ಮೇಲೆ ಇದು ಯಾರ ಮಾತು ಎಂದು ಅವನಿಗೇ ಹೊಳೆಯಿತು.

ಶುಕ್ರವಾರ ಬೆಳಿಗ್ಗೆ ಭಜನೆಯ ಹೊತ್ತಿಗೆ ಸುಂದರ ಅರ್ದಿಯಾದ ಗೋದಾಮುಗಳ ಸಾಲು ದಾಟಿ, ಅವುಗಳ ಹಿಂದಿನ ವಸತಿ ಕಟ್ಟಡದಲ್ಲಿ ಕೇಳಿಕೊಂಡು ಕೇಳಿಕೊಂಡು ಒಂದು ಬಾಗಿಲು ತಟ್ಟಿದ. ಲುಂಗಿಯುಟ್ಟ ಒಬ್ಬ ಹುಡುಗ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ತೆರೆದ. ಒಳಗಿನಿಂದ ಮೀನುಸಾರಿನ ವಾಸನೆ ಬಂತು. ಗೋಡೆಯ ಪಕ್ಕದ ಹಗ್ಗದಲ್ಲಿ ಬಟ್ಟೆ ಒಗೆದು ಹರವಿತ್ತು.

"ಯಾರು?"

"ನಿತೇಶ್ ಅಂದ್ರೆ ನೀನಾ? ನಾನು ಸುಂದರ, ಶುವೈಖ್‌ನಲ್ಲಿರುದು. ನಿನ್ನನ್ನು ನೋಡ್ಲಿಕ್ಕೆ ಬಂದೆ."

"ನನ್ನನ್ನಾ? ಎಂತಕ್ಕೆ?"

"ಸುಮ್ಮನೆ. ನೋಡ್ಲಿಕ್ಕೆ."

ಹುಡುಗ ಬ್ರಶ್ ತೆಗೆದು, ಈ ಮುದುಕನಿಗೆ ತಲೆ ಸರಿಯಿದೆಯೇ ಎಂದು ಒಮ್ಮೆ ನೋಡಿ, ಆದರೂ ಒಳಗೆ ಕರೆದು, ಮಂಚದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದ. ಸುಂದರ ಅದನ್ನೂ ನೋಡಿದ. ಕೂತ ಮೇಲೆ ಏನು ಕೇಳಬೇಕೆಂದು ತೋಚಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ ಅಭ್ಯಾಸ ಇರಲಿಲ್ಲ.

"ನಿನಗೆ ತಾಳ ಹಾಕ್ಲಿಕ್ಕೆ ಬರ್ತದಾ?"

"ತಾಳವಾ? ಇಲ್ಲಪ್ಪ."

ಸುಂದರ ಬೆರಗಾಗಿ ಅವನ ಮುಖವನ್ನೇ ನೋಡುತ್ತ ಕೂತ. ತಾಳ ಹಾಕಲು ಬಾರದ ಹುಡುಗನನ್ನು ಕುವೈತಿನಲ್ಲಿ ಅವನು ಕಂಡದ್ದು ಇದೇ ಮೊದಲು.